ನಡಾವಳಿ

ಹೊಸನಗರ ತಾಲ್ಲೂಕು, ಕಲ್ಲುಸಂಕ ಪಂಚಾಯಿತಿ.
ಹನ್ನೊಂದಕ್ಕೆ ಕರೆದ ಸಭೆ ಹನ್ನೆರಡೂ ಕಾಲಿಗೆ ಶುರು.
ಕಾರ್ಯದರ್ಶಿ ರಜೆಯಲ್ಲಿ,
ಬರೆಯುವವಳು ಬಿಲ್ ಕಲೆಕ್ಟರ್ ಚಂಪಾವತಿ, ನಾನೇ.

ವಿಷಯ: ಆರೋಗ್ಯದವರು, ಆರೈಕೆಯವರು ಇನ್ನು ಮುಂದೆ
ಒಂದೇ ಮೇಜಿಗೆ ಕೂತು ಯೋಜನೆ ಮಾಡತಕ್ಕದ್ದು.
ಮೇಜು ಒಂದೇ ಇತ್ತು, ನಿಜ. ಅದರ ಒಂದು ಕಾಲು ಗಿಡ್ಡ.
ಮಂಗನ ಕಾಯಿಲೆಯ ಹಳೇ ಕರಪತ್ರ
ನಾಲ್ಕು ಮಡಿಕೆ ಮಾಡಿ ಅಡಿಗಿಟ್ಟೆ.

ಎಲ್ಲರೂ ತಮ್ಮ ತಮ್ಮ ಪುಸ್ತಕ ತೆರೆದರು.
ಸಿಸ್ಟರ್ ಫಿಲೋಮಿನಾ ಓದಿದರು:
ಕೆರಿಯಮ್ಮ, ಅರವತ್ತೆಂಟು, ಬಿಪಿ, ಎಡಭಾಗಕ್ಕೆ ಲಕ್ವ,
ಮೂರು ತಿಂಗಳಿಂದ ಮಾತ್ರೆಗೆ ಬಂದಿಲ್ಲ.
ನಾಡಕಚೇರಿಯವರು: ಕರಿಯಮ್ಮ ಕೋಂ ಲೇಟ್ ಬೀರನಾಯ್ಕ,
ಎಪ್ಪತ್ತೊಂದು. ಹೆಸರು ಹೊಂದದ ಕಾರಣ
ಪಿಂಚಣಿ ತಡೆಹಿಡಿದಿದೆ.
ಪುನರ್ವಸತಿಯ ಅನ್ಸಾರ್, ತಾನೂ ಊರುಗೋಲಿನವನು:
ಕೆರೆಯಮ್ಮ ಬಿ., ಶೇಕಡಾ ಎಪ್ಪತ್ತು,
ಗಾಲಿಕುರ್ಚಿ ವಿತರಿಸಿದೆ, ಫೋಟೊ ಲಗತ್ತಿಸಿದೆ.
ಅಂಗನವಾಡಿ ಟೀಚರು: ಮಗು ಭುವನ್, ತೂಕ ಕಡಿಮೆ,
ಪೋಷಕರ ಕಾಲಂನಲ್ಲಿ 'ಅಜ್ಜಿ', ಅಷ್ಟೇ.
ಅರಣ್ಯದವರಲ್ಲಿ ಬರೀ ಸರ್ವೆ ನಂಬರು. ಒತ್ತುವರಿ.

ಡಾಕ್ಟರು ಬಾಗಲಕೋಟೆ ಕಡೆಯವರು, ಹೊಸಬರು.
'ಐದು ಕೇಸು ಅದಾವ. ಮೊದಲ ಯಾವುದು ತಗೊಳ್ಳೂಣು?'

ಚಾ ತಂದ ಸೇಸಿ ತಟ್ಟೆ ಇಟ್ಟಳು.
'ಐದೆಲ್ಲಿ ಬಂತು ಸ್ವಾಮಿ? ಎಲ್ಲಾ ಒಂದೇ ಮನೆ.
ಹಳ್ಳದಾಚೆ ಕೆರಿಯಕ್ಕಂದು.
ನಿನ್ನೆ ರಾತ್ರಿ ನಾನೇ ಗಂಜಿ ಕೊಟ್ಟು ಬಂದೆ.'

ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು.
ಅದನ್ನು ಬರೆಯಲಿಲ್ಲ.
ಸುಮ್ಮನಿರುವುದಕ್ಕೆ ನಡಾವಳಿಯಲ್ಲಿ ಕಾಲಂ ಇಲ್ಲ.

ಹಾಗಾದರೆ ಗಾಲಿಕುರ್ಚಿ?
ಈಚೆ ದಡದಲ್ಲೇ ಇದೆ, ಪುಟ್ಟಸ್ವಾಮಿಯ ಅಂಗಡಿಯಲ್ಲಿ.
ಸಂಕದ ಅಗಲ ಎರಡು ಮರ,
ಕುರ್ಚಿಗೆ ಮೂರು ಬೇಕು.
ಈಗ ಅದರ ಮೇಲೆ ಹಿಂಡಿಯ ಮೂಟೆ ಕೂತಿದೆ.
ಸಂಜೆ ಒಳಗೆ ತಳ್ಳುತ್ತಾರೆ, ಬೆಳಿಗ್ಗೆ ಹೊರಗೆ.
ಬಲು ಸಲೀಸಂತೆ.

ಮೂರನೇ ಮರ ಯಾರು ಹಾಕುವುದು?
ಆಸ್ಪತ್ರೆಯ ಅನುದಾನದಲ್ಲಿ ಮರ ಬರುವುದಿಲ್ಲ.
ಇಂಜಿನಿಯರ್ ಪ್ರಕಾರ ಸಂಕ ಸೇತುವೆಯೂ ಅಲ್ಲ, ರಸ್ತೆಯೂ ಅಲ್ಲ.
ಬಿದ್ದ ಮತ್ತಿಮರವನ್ನಾದರೂ ಕೊಡಿ ಅಂದರೆ
ಬಿದ್ದದ್ದೂ ಇಲಾಖೆಯದೇ ಎಂದರು ಅರಣ್ಯದವರು.
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಎದ್ದರು.
'ಸಂಕ ಅಂದ್ರ ಏನಂತ ನನಗ ತಿಳಿವಲ್ದು.
ನಡೀರಿ, ನೋಡಿ ಬರೂಣು.'

ಒಂಬತ್ತು ಜನ, ಒಂದು ಜೀಪು.
ಹಳ್ಳದ ಹತ್ತಿರ ಎಲ್ಲರೂ ಇಳಿದೆವು.
ಅನ್ಸಾರ್ ಊರುಗೋಲು ಕಂಕುಳಿಗೆ ಸಿಕ್ಕಿಸಿ
ಕೂತು ಕೂತೇ ದಾಟಿದ.
ಡಾಕ್ಟರು ನಡುವಿನಲ್ಲಿ ನಿಂತು ಕೆಳಗೆ ನೋಡಿದರು,
ಆಮೇಲೆ ಅವರೂ ಕೂತರು.

ಜಗಲಿಯಲ್ಲಿ ಕೆರಿಯಕ್ಕ, ಮಡಿಲಲ್ಲಿ ಮಗು.
ಸಾಲಾಗಿ ಬರುವ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದಳು,
ಅರಣ್ಯದವರ ಬೆಲ್ಟನ್ನು ತುಸು ಹೆಚ್ಚು ಹೊತ್ತು.
ಮುಖದ ಬಲಭಾಗ ಮಾತ್ರ ನಕ್ಕಿತು.
'ಎಲ್ಲಾ ಒಟ್ಟಿಗೇ ಬಂದ್ರಲ್ಲ ಮಾರಾಯ್ರೆ,
ನಾನು ಸತ್ತೆ ಅಂತ ಯಾರು ಹೇಳಿದ್ರು?'

ಯಾರೂ ನಗಲಿಲ್ಲ.
ಸಿಸ್ಟರ್ ಕೂತು ಬಿಪಿ ನೋಡಿದರು,
ನೋಡಿ, ಪಟ್ಟಿ ಬಿಚ್ಚಿ, ಇನ್ನೊಮ್ಮೆ ಕಟ್ಟಿದರು.
ಟೀಚರು ಚೀಲದಲ್ಲಿದ್ದ ಮೊಟ್ಟೆ ತೆಗೆದಿಟ್ಟರು. ಎರಡು.
ನಾಡಕಚೇರಿಯವರಿಗೆ ಮಾತ್ರ ಹೆಬ್ಬೆಟ್ಟು ಬೇಕಿತ್ತು.
ಎಡಗೈಯದೇ ಬೇಕು, ಏಳದ ಕೈಯದು.
ಅದನ್ನು ಎತ್ತಿ ಹಿಡಿದದ್ದು ನಾನು.
ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.

ಠರಾವು: ಐದೂ ಪುಸ್ತಕಗಳಲ್ಲಿ ಹೆಸರು ಒಂದೇ ಮಾಡುವುದು.
ಫಿಸಿಯೊ ಜೀಪು ಮಂಗಳವಾರದ ಬದಲು ಗುರುವಾರ,
ಬಸ್ಸು ಬರುವ ದಿನ.
ಮೂರನೇ ಮರದ ಕಡತ ಶಿವಮೊಗ್ಗಕ್ಕೆ ಹೋಗಿದೆ.
ಅಲ್ಲಿಯವರೆಗೆ ಮಾತ್ರೆ, ಗಂಜಿಯ ಜೊತೆ,
ಸೇಸಿಯ ಕೈಯಲ್ಲಿ.

ಸೇಸಿಯ ಹೆಸರು ಹಾಜರಿಯಲ್ಲಿ ಇರಲಿಲ್ಲ.
ಹಾಳೆಯಂಚಿಗೆ ಸೇರಿಸೋಣವೆಂದು
ಸೇಸಿಯೋ ಶೇಷಿಯೋ ಎಂದು ಕೇಳಿದೆ.
'ಹೆಂಗಾದ್ರೂ ಬರ್ಕಳಿ ಅಕ್ಕ' ಅಂದಳು,
'ಮೊದ್ಲು ಆ ಲೋಟ ಕೊಡಿ. ಎಣಿಕೆಗೆ ಒಂದು ಕಡಿಮೆ ಬಂತು.'