ಒಳಮೈ

ಪ್ಯಾಂಟು ಹೇಗಿದೆ ನೋಡು ಎಂದು ಕೊಟ್ಟರೆ
ನಾವು ಮೊದಲು ತಿರುವಿ ಹಾಕುತ್ತೇವೆ.
ಹೊರಮೈ ಎಲ್ಲದರದೂ ಚೆಂದವೇ
ಒಗೆತ ಮುಗಿಸಿ, ಇಸ್ತ್ರಿ ಎಳೆದು, ಲೇಬಲ್ಲು ಬಡಿದ ಮೇಲೆ.
ಒಳಗೆ, ಎರಡು ಕಾಲು ಸೇರುವಲ್ಲಿ
ನಾಲ್ಕು ಹೊಲಿಗೆ ಬಂದು ಕೂಡುತ್ತವಲ್ಲ,
ಅಲ್ಲಿ ಗೊತ್ತಾಗುತ್ತದೆ ಹೊಲಿದ ಕೈ ಯಾರದೆಂದು.

ಕೌಲ್ ಬಜಾರಿನ ಹಿಂದಿನ ಶೆಡ್ಡಿನಲ್ಲಿ
ಹದಿನೆಂಟು ವರ್ಷದಿಂದ ಕಾಜಾ ಮಷೀನು ನನ್ನದು.
ಪುಸ್ತಕ ನನ್ನದಲ್ಲ, ದುರ್ಗಿಯದು.
ಅವಳದೂ ಅಲ್ಲ, ಗ್ರಂಥಾಲಯದ್ದು.
ಬೆನ್ನಿಗೆ ಕಿಶೋರ ವಿಭಾಗದ ಚೀಟಿ,
ಮುಖಪುಟದಲ್ಲಿ ಹೆಗಲ ಮೇಲೆ ಗೂಬೆ ಕೂರಿಸಿಕೊಂಡ ಹುಡುಗಿ.
ಸಾರಿನ ಡಬ್ಬಿ ವಾಲದಿರಲೆಂದು
ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿದ್ದೆ;
ಸಿಕ್ಕಿದ್ದು ಇದು.

ನೆರಳಿಗೆ ಸುಂಕ ಕಟ್ಟಬೇಕಾದ ಒಂದು ಊರು.
ಕಟ್ಟಲಾರದೆ ತನ್ನ ನೆರಳನ್ನೇ ಮಾರಿದ ತಾಯಿ.
ಬಿಡಿಸಿ ತರಲು ಹೊರಟ ಮಗಳು.
(ಬಳ್ಳಾರಿಯಲ್ಲಿ ಹಾಗೊಂದು ಸುಂಕ ಬಂದರೆ
ಏಪ್ರಿಲ್ ದಾಟುವುದರೊಳಗೆ ನಾವೆಲ್ಲ ದಿವಾಳಿ.)

ಎಲ್ಲ ಕಡೆ ಒಂದೇ ಕೈಯಲ್ಲ ಅದು, ನಿಜ ಹೇಳಬೇಕು.
ಮೂವತ್ತನೇ ಪುಟದ ಬೆಳದಿಂಗಳು
ಗಿಲೀಟು ಗುಂಡಿ, ಎರಡು ಒಗೆತಕ್ಕೆ ಉದುರುತ್ತದೆ.
ಗೂಬೆ ಮಾತಾಡುವಾಗೆಲ್ಲ ದಾರ ಸಡಿಲ.
ಆದರೆ ನೂರಾ ಹನ್ನೆರಡರಲ್ಲಿ,
ಹುಡುಗಿ ಒಂಟಿಯಾಗಿ ಒಂದು ಛತ್ರದಲ್ಲಿ ತಂಗಿದ ರಾತ್ರಿ,

'ಅವಳು ದೀಪ ಆರಿಸಲಿಲ್ಲ; ಸ್ವಲ್ಪ ಸರಿದು,
ಕತ್ತಲೆಗೂ ಕೂರಲು ಜಾಗ ಕೊಟ್ಟಳು.'

ತುತ್ತು ಕೈಯಲ್ಲೇ ಉಳಿಯಿತು.
ಮಷೀನು ನಿಂತ ಮೇಲೂ ಅಂಗಾಲಿನಲ್ಲಿ ಉಳಿಯುತ್ತದಲ್ಲ,
ಅಂಥದೊಂದು ನಡುಕ.

ತಿರುವಿ ಹಾಕಿದೆ.
'ಸ್ವಲ್ಪ' ತೆಗೆದು ನೋಡಿದೆ: ಸೊಂಟ ಸಡಿಲಾಯಿತು.
'ಜಾಗ ಬಿಟ್ಟಳು' ಎಂದು ನೋಡಿದೆ: ಬಸ್ಸಿನ ಸೀಟಾಯಿತು.
ಮತ್ತೆ ಇದ್ದ ಹಾಗೇ ಇಟ್ಟೆ.
ಅರ್ಧವಿರಾಮದ ಹತ್ತಿರ ಉಸಿರು ತಾನಾಗಿ ನಿಲ್ಲುತ್ತದೆ,
ಸೂಜಿ ಬಟ್ಟೆಯೊಳಗೇ ಇರುವಾಗ
ಪಾದ ಎತ್ತಿ ಮೂಲೆ ತಿರುಗಿಸಿದ ಹಾಗೆ.

ಮೂರು ದಿನ ಅಲ್ಲೇ ಇದ್ದೆ.
"ಯಮ್ಮಾ, ಇನ್ನಾ ಅಲ್ಲೇ ಅದೀಯಾ? ಮುಂದೆ ಯುದ್ಧ ಐತಿ!"
"ಯುದ್ಧ ಎಲ್ಲಿ ಓಡಿ ಹೋಗ್ತೈತಿ, ಇರಲಿ ತಡಿ."
ದುರ್ಗಿಗೆ ಆ ಸಾಲು ನೆನಪೇ ಇಲ್ಲ.
ಒಂದೇ ರಾತ್ರಿಗೆ ಓದಿ ಮುಗಿಸಿದವಳು,
ಅದರ ಮೇಲೆ ಕುದುರೆ ಹಾಯಿಸಿಕೊಂಡು ಹೋಗಿದ್ದಳು.

ಓವರ್‌ಲಾಕಿನ ಸಾಲಿಹಾಳಿಗೆ ಓದಿ ಹೇಳಿದೆ,
ನಲವತ್ತು ಮಷೀನಿನ ಸದ್ದಿನಲ್ಲಿ, ಕಿವಿಯ ಹತ್ತಿರ ಬಾಗಿ.
"ಇನ್ನೊಂದು ಸಲ," ಎಂದಳು.
ಆಮೇಲೆ ಬಟ್ಟೆಯಿಂದ ಕಣ್ಣು ತೆಗೆಯದೆ:
"ಪೀಸಿಗಿಷ್ಟು ಅಂತ ಬರೆದಿದ್ದಲ್ಲ ಬಿಡು ಎರ್ರಕ್ಕ, ಇದು."

ನಾಲ್ಕನೇ ದಿನ, ಹಿಂಪಾಕೀಟು ಹಿಡಿದು ಕೂತಿದ್ದಾಗ
ಹೊಳೆಯಿತು ಆ ಒಂದು ಅಕ್ಷರ.
ಕತ್ತಲೆಗೆ ಅಲ್ಲ, ಕತ್ತಲೆ-ಗೂ.
ಹಾಗಾದರೆ ಪಕ್ಕದಲ್ಲಿ
ಮೊದಲೇ ಯಾರೋ ಕೂತಿದ್ದರು.
ಯಾರೆಂದು ಬರೆದವರು ಹೇಳಿಲ್ಲ.
ಹುಡುಗಿಯ ತಾಯಿ ಎಷ್ಟೋ ಹರದಾರಿ ದೂರ,
ನೆರಳಿಲ್ಲದೆ ಅಂಗಳದಲ್ಲಿ ಜೋಳ ಕೇರುತ್ತಿದ್ದಾಳೆ
ಎಂದಷ್ಟೇ ಇದೆ, ಇಪ್ಪತ್ತು ಪುಟ ಹಿಂದೆ.
ಮಷೀನು ನಿಂತದ್ದು ನನಗೆ ತಿಳಿಯಲಿಲ್ಲ.
ಮಾಸ್ತರು ಬಂದು ಬೈದದ್ದು ತಿಳಿಯಿತು.

ವಾಪಸು ಕೊಡುವ ದಿನ ಬಂತು.
ಹುಡುಗಿ ನೆರಳು ತಂದಳೋ ಇಲ್ಲವೋ, ನಾನು ಅಲ್ಲಿಗೆ ಮುಟ್ಟಲಿಲ್ಲ,
ದುರ್ಗಿಯನ್ನು ಕೇಳಲೂ ಇಲ್ಲ.
ಗ್ರಂಥಾಲಯದವರು ಪುಟ ಹಾರಿಸುತ್ತಾ ಬಂದು
ನೂರಾ ಹನ್ನೆರಡರಲ್ಲಿ ನಿಂತರು.
ಅಂಚಿನಲ್ಲಿ ನನ್ನ ಹೆಬ್ಬೆರಳು, ಇಡಿಯಾಗಿ, ನೀಲಿಯಲ್ಲಿ.
ಎಷ್ಟು ತೊಳೆದರೂ ಹೋಗದ ಬಣ್ಣ ಅದು,
ಮದುವೆ ಮನೆಗಳಲ್ಲಿ ಸೆರಗಿನಡಿ ಮುಚ್ಚಿಡುವ ಬಣ್ಣ.

"ಕಲೆ ಮಾಡೀರಿ. ಹತ್ತು ರೂಪಾಯಿ ದಂಡ ಆಗ್ತೈತಿ ನೋಡ್ರಿ."

ಕೊಟ್ಟೆ. ರಸೀದಿ ಕೇಳಿದೆ.
ಪುಟದ ನಂಬರೂ ಬರೀರಿ ಅಂದೆ.