ಮುಲ್ಕಿಯಾ

ಎರಡೂವರೆ ಗೇಣು. ಅಷ್ಟೇ ಬೇಕು ನನಗೆ
ನೆಲದಿಂದ ಸೀಟಿನ ಅಂಚಿಗೆ.
ತಗ್ಗಾದರೆ ಬಾವಿ, ಎತ್ತರವಾದರೆ ಅಟ್ಟ.

ಶಾರ್ಜಾದ ಹಳೆ ಕಾರುಗಳ ಸಂತೆಗೆ ಹರಾಜ್ ಎಂದೇ ಹೆಸರು.
ನಮ್ಮದೇ ಪದ ಅಂದುಕೊಂಡಿದ್ದೆ, ಇವರದ್ದಂತೆ.
ಬೆಳಿಗ್ಗೆ ಹತ್ತಕ್ಕೇ ಡಾಂಬರು ಮೆತ್ತಗಾಗಿ
ಊರುಗೋಲಿನ ರಬ್ಬರು ಹೆಜ್ಜೆಗೊಂದು
ಉಂಗುರದ ಗುರುತು ಬಿಡುತ್ತದೆ.
ಉಚ್ಚಿಲದ ಇದಿನಬ್ಬ ಮುಂದೆ, ನಾನು ಹಿಂದೆ.
ಎಂಜಿನ್ ಅವನ ಪಾಲು, ಸೀಟು ನನ್ನದು.

ಪಜೆರೋ ಹತ್ತಲು ಹೋಗಿ
ಬಾಗಿಲಿಗೆ ಜೋತುಬಿದ್ದೆ, ಬಾವಲಿಯ ಹಾಗೆ.
ಕ್ಯಾಮ್ರಿಯ ಚರ್ಮದ ಸೀಟು ದೋಸೆ ಕಾವಲಿ,
ಜಾರಿದೆ, ಸುಟ್ಟುಕೊಂಡೆ, ಎದ್ದೆ.
ಬಿಳಿ ಅಕಾರ್ಡ್ ಒಂದು ಚೆನ್ನಾಗಿತ್ತು,
ಗೇಣಿನ ಲೆಕ್ಕದಲ್ಲಿ ಒಂದೇ ಬೆರಳು ಕಮ್ಮಿ.
ಇದಿನಬ್ಬ ಮಂಡಿಯೂರಿ ಕಾರ್ಪೆಟ್ಟು ಎತ್ತಿ ಮೂಸಿದ.
"ಬೇಡ ಅಕ್ಕಾ, ಇದು ನೀರು ಕುಡಿದದ್ದು."
ಮರುಭೂಮಿಯಲ್ಲಿ ಮುಳುಗಿದ ಕಾರು!
ನಕ್ಕು, ಬಗ್ಗಿ, ನಾನೂ ಮೂಸಿದೆ:
ಒಣಗದ ಗೋಣಿಚೀಲ, ಒದ್ದೆ ಬಲೆ.
ದೋಣಿಯ ಮನೆಯಲ್ಲಿ ಹುಟ್ಟಿದವಳಿಗೆ ಹೊಸ ವಾಸನೆಯಲ್ಲ.

ಕಾಲಿಗೆ ಏನಾಯಿತು?
ಮೊದಲನೆಯವನಿಗೆ ಶಾರ್ಕ್ ಅಂದೆ.
ಎರಡನೆಯವನಿಗೆ ಸಕ್ಕರೆ.
ಮೂರನೆಯವನಿಗೆ, ಮನೆಯಲ್ಲೇ ಮರೆತು ಬಂದೆ.
ನಿಜ ಗೊತ್ತಿದ್ದ ಇದಿನಬ್ಬ
ಬಾನೆಟ್ಟಿನೊಳಗೆ ತಲೆ ಹಾಕಿ ಕೆಮ್ಮಿದ.

ಕೊನೆಯ ಸಾಲಿನಲ್ಲಿ ಗುಲ್ಜರೀನ್ ಎಂಬ ಪಠಾಣ,
ಅವನ ಹಿಂದೆ ಮಣ್ಣುಬಣ್ಣದ ನಿಸ್ಸಾನ್ ಟೀಡಾ,
ಯಾರೂ ತಿರುಗಿ ನೋಡದ ಕಾರು.
ಅವನು ಏನೂ ಕೇಳಲಿಲ್ಲ.
ಬಾಗಿಲನ್ನು ಪೂರ್ತಿ ತೆರೆದು
ಬಾಗಿಲನ್ನೇ ಹಿಡಿದು ನಿಂತ, ನನ್ನನ್ನಲ್ಲ.
ಗೇಣು ಹಾಕಿದೆ. ಒಂದು, ಎರಡು, ಅರ್ಧ.
ಬಟ್ಟೆ ಹೊಲಿಸುತ್ತೀರಾ ಕಾರಿಗೆ, ಎಂದ ಆಗ.
ಕುಳಿತೆ, ಎದ್ದೆ, ಕುಳಿತೆ, ಎದ್ದೆ. ಏಳು ಸಲ.
ಸೀಟು ಎಡಕ್ಕೆ ಚೂರು ಕುಸಿದಿತ್ತು
ನಾನು ವಾಲುವ ಕಡೆಗೇ.
ಯಾರು ಕುಳಿತಿದ್ದರೋ ಇಷ್ಟು ವರ್ಷ, ಹೀಗೆ ವಾಲಿ.

ಊರಲ್ಲಿ ಸ್ಟಿಯರಿಂಗು ಬಲಕ್ಕೆ, ಮೊದಲು ಒಳಹೋಗುವುದು ಎಡಗಾಲು.
ಇಲ್ಲಿ ಎಲ್ಲ ಅದಲುಬದಲು.
ಬೆನ್ನು ಕೊಟ್ಟು ಕುಳಿತು, ಮಂಡಿಯ ಬಟ್ಟೆ ಹಿಡಿದೆತ್ತಿ
ಮೊದಲು ಒಳಗಿಡಬೇಕಾದದ್ದು ಬಲಗಾಲು,
ಅಜ್ಮಾನಿನ ಆಸ್ಪತ್ರೆಯವರು ಕೊಟ್ಟ, ಉಗುರಿಲ್ಲದ್ದು.
ಬಲಗಾಲಿಟ್ಟು ಬಾ, ಎಂದಿದ್ದರು ಅತ್ತೆ ಹೊಸ್ತಿಲ ಸೇರಕ್ಕಿಯ ಆಚೆ ನಿಂತು.
ಗಾಬರಿಯಲ್ಲಿ ಎಡಗಾಲಿಟ್ಟಿದ್ದೆ.
ಹಾಲು ಒಡೆದರೂ ಅದರಿಂದಲೇ, ಹಸು ಒದ್ದರೂ ಅದರಿಂದಲೇ.
ಕಾಲು ಹೋದ ವಾರ ಫೋನಿನಲ್ಲೂ ಅದನ್ನೇ ಅಂದರು.
ಈಗ ನೋಡಿ ಅತ್ತೆ,
ದಿನಕ್ಕೆ ನಾಲ್ಕು ಸಲ ಬಲಗಾಲಿಟ್ಟೇ ಒಳಗೆ ಹೋಗುತ್ತೇನೆ.

"ಮೀಟರ್ ಸುಳ್ಳು ಹೇಳುತ್ತದೆ, ಎಂಜಿನ್ ಹೇಳಲಿಕ್ಕಿಲ್ಲ," ಎಂದ ಇದಿನಬ್ಬ,
ಏಸಿಯ ಬಾಯಿಗೆ ಅಂಗೈ ಹಿಡಿದು ಎಣಿಸುತ್ತ.
ಇಪ್ಪತ್ತಕ್ಕೆ ತಂಪು ಬಂತು.
ಹದಿನಾಲ್ಕು ಸಾವಿರ ದಿರ್ಹಮು ಹನ್ನೊಂದೂವರೆಗೆ ಇಳಿಯುವಷ್ಟರಲ್ಲಿ
ಮೂರು ಸುಲೈಮಾನಿ ಮುಗಿದಿತ್ತು.

ವೇಗದ ಪೆಡಲು ಎಡಕ್ಕೆ ಬಂತು.
ತಪಾಸಣೆಯವರು ಎರಡು ಸಲ ವಾಪಸು ಕಳಿಸಿ
ಮೂರನೆಯ ಸಲ ಮುದ್ರೆ ಒತ್ತಿದರು.
ಗಾಡಿಯ ಪತ್ರಕ್ಕೆ ಇವರು ಮುಲ್ಕಿಯಾ ಅನ್ನುತ್ತಾರೆ.
ಯಾವೂರು ಎಂದರೆ ಮುಲ್ಕಿ ಎನ್ನುವ ನಾನು
ಕೌಂಟರಿನಲ್ಲಿ ಒಬ್ಬಳೇ ನಕ್ಕದ್ದು ಯಾಕೆಂದು
ಸುಗಂಧಿ ಕಾಂಚನನ್ನು ಸುಜಂದಿ ಕಾಂಶನ್ ಎಂದು ಕರೆದ ಹುಡುಗಿಗೆ
ಹೇಗೆ ಹೇಳಲಿ?

ಈಗ ಸಂಜೆ ಆರೂವರೆ, ಅಲ್ ಇತ್ತಿಹಾದ್ ರಸ್ತೆ.
ದುಬೈಯಿಂದ ಶಾರ್ಜಾಕ್ಕೆ ಅಲುಗದ ಸಾಲು.
ಎಡಗಡೆ ಲೆಕ್ಸಸ್ಸಿನವನು ಸ್ಟಿಯರಿಂಗ್ ಗುದ್ದುತ್ತಿದ್ದಾನೆ,
ಬಲಗಡೆ ವ್ಯಾನಿನಲ್ಲಿ ಒಬ್ಬ ಕಡಲೆಕಾಯಿ ಬಿಡಿಸುತ್ತಿದ್ದಾನೆ.
ಕಿಟಕಿಯಲ್ಲಿ ಕಾಣುವಷ್ಟು ದೂರ
ಎಲ್ಲರೂ ಎದೆಯ ತನಕ ಮಾತ್ರ ಇರುವವರು,
ಕಾಲು ಒಬ್ಬರಿಗೂ ಇಲ್ಲ.
ಕಾರಣವಿಲ್ಲದೆ ಒಮ್ಮೆ ಹಾರ್ನ್ ಒತ್ತಿದೆ.
ಹಿಂದಿನವನೂ ಒತ್ತಿದ.