ನಲವತ್ತು ಪರ್ಸೆಂಟ್ ಕಪ್ಪು

ಶಾರ್ಜಾದ ಅಬು ಶಗಾರದಲ್ಲಿ, ನಾಲ್ಕನೇ ಮಹಡಿ,
ಒಂದೇ ಕೋಣೆಗೆ ಮೂರು ಪರದೆ ಕಟ್ಟಿ
ನಾಲ್ವರು ಮಲಗುತ್ತೇವೆ.
ನನ್ನದು ಕಿಟಕಿಯ ಕಡೆ,
ಬಾಡಿಗೆ ಐವತ್ತು ದಿರ್ಹಂ ಹೆಚ್ಚು.

ಹಗಲು ನಾನು ಬೇರೆ ಪರದೆ ಕಟ್ಟುವವನು.
ನೀರಿನ ಕ್ಯಾನು ಹಂಚುವ ಕಂಪನಿಯ ಆ್ಯಪಿನಲ್ಲಿ
ನಕ್ಷೆಯ ಮೇಲೆ ಆರ್ಡರಿನ ಚೀಟಿ,
ಚೀಟಿಗೂ ನಕ್ಷೆಗೂ ನಡುವೆ
ನಲವತ್ತು ಪರ್ಸೆಂಟ್ ಕಪ್ಪು.
ಕೆಳಗಿನದು ಇದೆ ಅಂತ ಕಾಣಬೇಕು,
ಕೈಗೆ ಸಿಗಬಾರದು.
ಇಷ್ಟೇ ಇದರ ಶಾಸ್ತ್ರ.

ಮೊನ್ನೆ ನಸ್ರುಲ್ ಫೋನು ಮಾಡಿದ,
ಇಂಡಸ್ಟ್ರಿಯಲ್ ಹದಿಮೂರರ ರೌಂಡಬೌಟಿನಿಂದ.
ವ್ಯಾನಿನ ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಿತ್ತು.
"ಭಾಯ್, ನಿಮ್ಮ ಚೀಟಿ ಬಂದು ಕೂತಿತು,
ಅದರಡಿಯಲ್ಲೇ ಇತ್ತು ನನ್ನ ತಿರುವು.
ಇದು ಮೂರನೇ ಸುತ್ತು."
ನಕ್ಕ. ನಾನೂ ನಕ್ಕೆ.
ಫೋನಿಟ್ಟ ಮೇಲೆ ನೆನಪಾಯಿತು:
ಹೊರಗೆ ನಲವತ್ತೇಳು ಡಿಗ್ರಿ,
ಒಂದೊಂದು ಕ್ಯಾನು ಹತ್ತೊಂಬತ್ತು ಕಿಲೋ.

ಚೀಟಿಯನ್ನು ಕೆಳಕ್ಕೆ ಜಗ್ಗಿದೆ. ಗಿಡ್ಡ ಮಾಡಿದೆ.
ಆಗ ಹೊಸ ತಕರಾರು:
ಮೇಲೆ ಒತ್ತಿದರೆ ಒತ್ತು ಸೋರಿ
ಅಡಿಯ ಗುಂಡಿಯನ್ನು ಮುಟ್ಟುತ್ತದೆ.
ಮುಸುಕಿದೆ, ತಡೆಯಿಲ್ಲ.
"ಸರಿ" ಎಂದು ಒತ್ತಿದವನಿಗೆ ತಿಳಿಯದೆ
ಯಾರದೋ ಮನೆಯ ನೀರು ರದ್ದು.

ಈ ಸೋರಿಕೆ ನನಗೆ ಹೊಸದಲ್ಲ.
ರಾತ್ರಿ ಪರದೆಯಾಚೆ ಹಿಲರಿ ಮಿನೇಜಸ್
ಹೆಂಡತಿಯೊಡನೆ ಕೊಂಕಣಿಯಲ್ಲಿ ಪಿಸುಗುಟ್ಟುತ್ತಾನೆ.
ಅರ್ಧ ತಿಳಿಯುತ್ತದೆ,
ಇನ್ನರ್ಧ ತಿಳಿಯದಿರಲೆಂದು
ಮಗ್ಗುಲಾಗುತ್ತೇನೆ.
ಅವನ ಫೋನಿನ ಬೆಳಕಿಗೆ
ಬಟ್ಟೆಯ ಮೇಲಿನ ಅಗ್ಗದ ಹೂಗಳು
ಹಿಂದಿನಿಂದ ಅರಳುತ್ತವೆ.
ಕೆಮ್ಮು ಬಂದರೂ ನುಂಗುತ್ತೇನೆ.

ನಿನ್ನೆ ಸಂಜೆ ಆಫೀಸಿನಲ್ಲಿ
ಒಂದೇ ಸಾಲು ಬರೆದು ಸೋರಿಕೆ ಮುಚ್ಚಿದೆ:
ಮೇಲೆ ಯಾರಾದರೂ ಇರುವಷ್ಟು ಹೊತ್ತು
ಕೆಳಗಿನವನು ಕಿವುಡ.
ನಸ್ರುಲ್‌ಗೆ ಕಳಿಸಿದೆ.
ಹೆಬ್ಬೆರಳಿನ ಚಿತ್ರ ಬಂತು.

ರಾತ್ರಿ ಹಿಲರಿ ಮಾತಾಡಲಿಲ್ಲ.
ಆ ಕಡೆಯವರು ಹೇಳುತ್ತಲೇ ಇದ್ದರು,
ಇವನು ಬರೀ ಕೇಳಿದ.
ಆಮೇಲೆ ಬೆಳಕು ಆರಿತು,
ಹೂಗಳು ಹೋದವು,
ಮೂಗೊರೆಸಿಕೊಂಡ ಸದ್ದು ಮಾತ್ರ.
ಏನು ಕೇಳಲಿ? ಯಾವ ಭಾಷೆಯಲ್ಲಿ?
ನನ್ನ ನೀರಿನ ಬಾಟಲಿಯನ್ನು
ಪರದೆಯ ಅಂಚಿನಡಿ ಆಚೆ ತಳ್ಳಿದೆ.
ಬಹಳ ಹೊತ್ತು ಅಲ್ಲೇ ಇತ್ತು.

ಬೆಳಿಗ್ಗೆ ನೋಡಿದರೆ ನನ್ನ ಚಪ್ಪಲಿಯ ಪಕ್ಕ:
ಖಾಲಿ,
ಮುಚ್ಚಳ ಬಿಗಿಯಾಗಿ ತಿರುಗಿಸಿ.